ಮೂವತ್ತು ಮೀಟರ್ ಹಗ್ಗ ಮತ್ತು ಮೊದಲ ಮನುಷ್ಯನ ಊರು

ಯಲ್ಲಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಬೇಕು. ಜೀವವಿಕಾಸದ ಪಾಠದ ದಿನ, ವಾನರನೊಬ್ಬ ಹಂತಹಂತವಾಗಿ ನೆಟ್ಟಗಾಗಿ ಮನುಷ್ಯನಾಗುವ, ಎಲ್ಲರೂ ಕಂಡಿರುವ ಆ ಸಾಲುಚಿತ್ರವನ್ನು ಗೋಡೆಗೆ ತೂಗುಹಾಕಿ, ‘ಮನುಷ್ಯ ಹುಟ್ಟಿದ್ದು ಆಫ್ರಿಕಾದಲ್ಲಿ, ಉಳಿದದ್ದೆಲ್ಲ ಕಥೆ’ ಎಂದು ಹೇಳಿ ಮುಗಿಸಿದ್ದೆ. ತರಗತಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕೆಲವು ಮಕ್ಕಳಿದ್ದರು. ಊಟದ ಬಿಡುವಿನಲ್ಲಿ ಅವರಲ್ಲೊಬ್ಬಳನ್ನು ಆ ಚಿತ್ರದ ನಡುವಿನ ಆಕೃತಿಗೆ ಹೋಲಿಸಿ ಇತರರು ಛೇಡಿಸಿದ್ದು ನನಗೆ ತಿಳಿದದ್ದು ಎರಡು ದಿನಗಳ ನಂತರ, ಅವಳು ಶಾಲೆಗೆ ಬಾರದಿದ್ದಾಗ. ಅದೇ ವಾರ ಇನ್ನೊಬ್ಬ ಹುಡುಗನ ತಂದೆ ಬಂದು, ‘ನಮ್ಮ ಮನೆಯಲ್ಲಿ ಹೇಳಿಕೊಡುವುದನ್ನು ಸುಳ್ಳು ಎಂದಿರಂತೆ’ ಎಂದು ಸೌಮ್ಯವಾಗಿಯೇ ಕೇಳಿದರು.

ಆ ಚಿತ್ರ ವಿಜ್ಞಾನದ ದೃಷ್ಟಿಯಿಂದಲೂ ತಪ್ಪು ಎಂಬುದು ನನಗೆ ಗೊತ್ತಿತ್ತು, ಆದರೂ ಬಳಸಿದ್ದೆ. ಚಿಂಪಾಂಜಿ ನಮ್ಮ ಪೂರ್ವಜನಲ್ಲ, ದಾಯಾದಿ. ಮನುಷ್ಯಕುಲದ ಬೆಳವಣಿಗೆ ಒಂದೇ ಸಾಲಿನ ನಡಿಗೆಯಲ್ಲ, ಹಲವು ಕೊಂಬೆಗಳಾಗಿ ಕವಲೊಡೆದು ಹೆಚ್ಚಿನವು ಒಣಗಿಹೋದ ಮರ. ಚಿತ್ರವನ್ನು ತೆಗೆದುಹಾಕಿದೆ. ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮರುವರ್ಷ ಪಾಠವನ್ನು ಬೇರೆ ಕಡೆಯಿಂದ ಆರಂಭಿಸಿದೆ.

‘ಮೊದಲ ಮನುಷ್ಯ ಎಲ್ಲಿ ಇದ್ದನೆಂದು ನಿಮ್ಮ ಮನೆಯ ಹಿರಿಯರು ಹೇಳುತ್ತಾರೆ, ಕೇಳಿಕೊಂಡು ಬನ್ನಿ’ ಎಂದು ಮಕ್ಕಳಿಗೆ ಹೇಳಿದೆ. ಯಾರು, ಹೇಗೆ ಎಂದಲ್ಲ, ಎಲ್ಲಿ ಎಂದು ಮಾತ್ರ. ನಮ್ಮ ಭಾಗದ ಸಿದ್ದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇರುವುದರಿಂದ ಆ ಒಂದೇ ಸಮುದಾಯದ ಮಕ್ಕಳಿಂದಲೇ ಮೂರು ಉತ್ತರಗಳು ಬಂದವು. ಅವನ್ನು ಕಪ್ಪುಹಲಗೆಯ ಮೇಲಿನ ಭೂಪಟದಲ್ಲಿ ಗುರುತಿಸುತ್ತ ಹೋದಾಗ, ನಾನೇ ಮೊದಲು ಗಮನಿಸಿರದ ಒಂದು ಸಂಗತಿ ಕಾಣಿಸಿತು.

ಒಬ್ಬ ಹುಡುಗ ಮನು ಮತ್ತು ಮೀನಿನ ಕಥೆ ತಂದಿದ್ದ. ಶತಪಥ ಬ್ರಾಹ್ಮಣದಲ್ಲಿ ಪ್ರಳಯದ ನಂತರ ಮನುವಿನ ದೋಣಿ ನಿಲ್ಲುವುದು ಉತ್ತರದ ಪರ್ವತದಲ್ಲಿ; ಅವನು ಇಳಿದು ಬಂದ ಇಳಿಜಾರಿಗೆ ಮನುವಿನ ಹೆಸರೇ ಇದೆ. ಆದರೆ ಭಾಗವತದಲ್ಲಿ ಅದೇ ಮೀನು ಕೈಗೆ ಸಿಗುವುದು ದ್ರವಿಡ ದೇಶದ ದೊರೆ ಸತ್ಯವ್ರತನಿಗೆ, ಕೃತಮಾಲಾ ನದಿಯ ದಡದಲ್ಲಿ. ಕಥೆ ಹೇಳುವವರು ಬೇರೆಯಾದಾಗ ನದಿಯೂ ಬೇರೆಯಾಗಿದೆ. ಕ್ರೈಸ್ತ ಹುಡುಗಿಯೊಬ್ಬಳು ಏದೆನ್ ತೋಟದ ನಾಲ್ಕು ನದಿಗಳ ಹೆಸರನ್ನು ಬರೆದುಕೊಂಡು ಬಂದಿದ್ದಳು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ಭೂಪಟದಲ್ಲಿ ಸಿಕ್ಕವು, ಪೀಶೋನ್ ಮತ್ತು ಗೀಹೋನ್ ಸಿಗಲಿಲ್ಲ. ಆದಮನು ಸ್ವರ್ಗದಿಂದ ಇಳಿದ ಜಾಗವನ್ನು ಕುರ್‌ಆನ್ ಹೆಸರಿಸುವುದಿಲ್ಲ. ಆದರೆ ಅದು ಶ್ರೀಲಂಕಾದ ಬೆಟ್ಟವೆಂಬ ಹಳೆಯ ನಂಬಿಕೆಯಿದ್ದು, 14ನೇ ಶತಮಾನದಲ್ಲಿ ಇಬ್ನ್ ಬತೂತಾ ಆ ಬೆಟ್ಟವನ್ನು ಹತ್ತಿದ್ದ. ಅಲ್ಲಿರುವ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಜೈನ ಮನೆಯ ಹುಡುಗ ತಂದ ಉತ್ತರ. ‘ಮೊದಲ ಮನುಷ್ಯ ಎಂಬುವನೇ ಇಲ್ಲ, ಜಗತ್ತಿಗೆ ಆದಿಯಿಲ್ಲ ಎಂದು ಅಜ್ಜ ಹೇಳಿದರು’ ಎಂದ. 941ರಲ್ಲಿ ಪಂಪ ಕನ್ನಡದಲ್ಲಿ ಹೇಳಿದ ಆದಿನಾಥನ ಕಥೆಯ ಹಿನ್ನೆಲೆಯೂ ಇದೇ. ಅಲ್ಲಿ ಇರುವುದು ಹುಟ್ಟಿದ ಊರಲ್ಲ, ಒಂದು ತಿರುವು: ಬೇಡಿದ್ದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳು ಮಂಕಾಗುತ್ತ ಬಂದಾಗ ಜನ ಸೂರ್ಯಚಂದ್ರರನ್ನು ಮೊದಲ ಬಾರಿಗೆ ಕಂಡು ಬೆದರುತ್ತಾರೆ, ಕುಲಕರರೆಂಬ ಹಿರಿಯ ಮಾರ್ಗದರ್ಶಕರು ಧೈರ್ಯ ಹೇಳುತ್ತಾರೆ, ಕೊನೆಗೆ ಆದಿನಾಥನೇ ಆದ ವೃಷಭನಾಥ ಕೃಷಿಯನ್ನೂ ಬರವಣಿಗೆಯನ್ನೂ ಕಲಿಸುತ್ತಾನೆ. ಭೋಗಭೂಮಿ ಕರ್ಮಭೂಮಿಯಾಯಿತು. ಬೇಸಾಯವು ಮನುಷ್ಯನ ಬದುಕನ್ನು ಅಡಿಮೇಲು ಮಾಡಿತೆಂಬ ಅರಿವು ಈ ಕಥೆಯಲ್ಲಿ ಇರುವಷ್ಟು ಗಾಢವಾಗಿ ನಾನು ಬೇರೆ ಕಡೆ ಓದಿಲ್ಲ.

ಧರ್ಮಗಳ ‘ಎಲ್ಲಿ’ ಊರಿನಿಂದ ಊರಿಗೆ ಸರಿಯುತ್ತದೆ ಎಂದು ಮಕ್ಕಳೇ ಹೇಳಿದರು. ಆಗ ನಾನು ವಿಜ್ಞಾನದ ‘ಎಲ್ಲಿ’ ಕೂಡ ಸರಿದಿದೆ ಎಂದು ಒಪ್ಪಿಕೊಂಡು ಅದನ್ನೂ ಅದೇ ಭೂಪಟದಲ್ಲಿ ಬರೆದೆ. 1871ರಲ್ಲಿ ಡಾರ್ವಿನ್ ಆಫ್ರಿಕಾ ಇರಬಹುದೆಂದು ಊಹಿಸಿದ್ದರೂ ಹಲವರು ಏಷ್ಯಾವನ್ನೇ ನಂಬಿದ್ದರು. ಡಚ್ ವೈದ್ಯ ದ್ಯುಬ್ವಾ 1891ರಲ್ಲಿ ಜಾವಾದಲ್ಲಿ ಆದಿಮಾನವನ ತಲೆಬುರುಡೆಯ ಭಾಗವೊಂದನ್ನು ಕಂಡಾಗ ಆ ನಂಬಿಕೆ ಬಲವಾಯಿತು. 1912ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ, ಮನುಷ್ಯನ ತಲೆಗೆ ಒರಾಂಗುಟಾನ್ ದವಡೆ ಸೇರಿಸಿದ ಮೋಸವೆಂದು 1953ರಲ್ಲಿ ಬಯಲಾಯಿತು. ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ಸಿಕ್ಕ ದವಡೆಗೆ ರಾಮಪಿಥೆಕಸ್ ಎಂದು ಹೆಸರಿಟ್ಟು, ಬಹುಕಾಲ ಅದನ್ನು ಮನುಷ್ಯನ ಪೂರ್ವಜನದೆಂದೇ ತಿಳಿಯಲಾಗಿತ್ತು; ಮುಂದೆ ಹೆಚ್ಚು ಪೂರ್ಣವಾದ ಪಳೆಯುಳಿಕೆಗಳು ದೊರೆತಾಗ ಅದು ಒರಾಂಗುಟಾನ್‌ನ ಬಳಗಕ್ಕೆ ಸೇರಿತು. ‘ಭಾರತದ್ದನ್ನು ಯಾಕೆ ಬಿಟ್ಟುಕೊಟ್ಟರು?’ ಎಂದು ಒಬ್ಬ ಕೇಳಿದ. ಇಡೀ ಪಾಠದಲ್ಲಿ ನನಗೆ ಬೇಕಿದ್ದ ಪ್ರಶ್ನೆ ಅದು. ಧರ್ಮದ ಜಾಗ ಸರಿಯುವುದು ಭಕ್ತರು ತಮ್ಮ ನೆಲದಲ್ಲೇ ಪವಿತ್ರವಾದುದನ್ನು ಕಾಣಬಯಸುವುದರಿಂದ. ವಿಜ್ಞಾನದ ಜಾಗ ಸರಿದದ್ದು, ಬಯಸಿದವರಿಗೂ ಸಾಕ್ಷ್ಯ ಒಪ್ಪಿಗೆ ಕೊಡದಿದ್ದುದರಿಂದ.

ಆಫ್ರಿಕಾವೇ ಏಕೆ ಎಂಬುದಕ್ಕೆ ನಮ್ಮ ಊರಿನ ಹಲಸು ನೆರವಾಯಿತು. ಹಲಸಿನ ತವರು ಪಶ್ಚಿಮಘಟ್ಟ. ಇಲ್ಲಿ ಬಕ್ಕೆ, ಅಂಬಲಿ ಎಂದು ಮನೆಗೊಂದು ರುಚಿಯ ಮರವಿದೆ. ನಾಲ್ಕು ಬೀಜ ಕೊಂಡೊಯ್ದು ಬೇರೆ ಕಡೆ ನೆಟ್ಟವರಲ್ಲಿ ಆ ನಾಲ್ಕರ ಸಂತತಿಯಷ್ಟೇ ಇರುತ್ತದೆ. ಹೆಚ್ಚು ಬಗೆಗಳು ಉಳಿಯುವುದು ತವರಿನಲ್ಲೇ. 1987ರಲ್ಲಿ ಕ್ಯಾನ್, ಸ್ಟೋನ್‌ಕಿಂಗ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು 147 ಜನರಲ್ಲಿ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿದಾಗ ಅತಿ ಹೆಚ್ಚು ವೈವಿಧ್ಯ ಕಂಡದ್ದು ಆಫ್ರಿಕಾದ ಮೂಲದವರಲ್ಲಿ. ಎಲ್ಲರ ತಾಯ್ಗೆರೆ ಸೇರುವ ಆ ಒಬ್ಬ ಸ್ತ್ರೀಗೆ ಪತ್ರಿಕೆಗಳು ‘ಈವ್’ ಎಂದು ಹೆಸರಿಟ್ಟದ್ದು ನನ್ನ ಪಾಠಕ್ಕೆ ತೊಂದರೆಯನ್ನೇ ತಂದಿತು. ಅವಳು ಆ ಕಾಲದ ಏಕೈಕ ಸ್ತ್ರೀಯಲ್ಲ, ಉಳಿದವರ ತಾಯ್ಗೆರೆಗಳು ನಡುವೆ ಕಡಿದುಹೋದವು ಎಂದು ಹಲವು ಬಾರಿ ಬಿಡಿಸಿ ಹೇಳಬೇಕಾಯಿತು. ಆಫ್ರಿಕಾದೊಳಗೂ ಒಂದೇ ಊರಿಲ್ಲ: ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮ ಪ್ರಭೇದದ ಎಲುಬುಗಳಿಗೆ ಸುಮಾರು 3 ಲಕ್ಷ ವರ್ಷ, ಇಥಿಯೋಪಿಯದ ಓಮೋ ಕಿಬಿಷ್‌ನವಕ್ಕೆ ಸುಮಾರು 2.3 ಲಕ್ಷ ವರ್ಷ.

ಕೊನೆಯ ದಿನ 30 ಮೀಟರ್ ಹಗ್ಗವನ್ನು ಮೈದಾನದಲ್ಲಿ ಹಾಸಿದೆವು. ಒಂದು ಮೀಟರಿಗೆ 10,000 ವರ್ಷ. ಜೆಬೆಲ್ ಇರ್ಹೂದ್ ಒಂದು ತುದಿಯಲ್ಲಿ, ನಾವು ಇನ್ನೊಂದು ತುದಿಯಲ್ಲಿ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಸಿಕ್ಕ, ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಕೈಗೊಡಲಿಗಳನ್ನು ಗುರುತಿಸಲು ಹಗ್ಗ ಸಾಲದೆ ಮಕ್ಕಳು ಶಾಲೆಯ ಗೇಟಿನಾಚೆ ರಸ್ತೆಗೆ ಓಡಬೇಕಾಯಿತು. ಅವನ್ನು ಮಾಡಿದವರು ನಮಗಿಂತ ಹಿಂದಿನ ಬೇರೊಂದು ಮಾನವ ಪ್ರಭೇದದವರು. ಇಂದು ಜಗತ್ತಿನ ಉಳಿದೆಡೆ ಇರುವವರ ಪೂರ್ವಜರು ಆಫ್ರಿಕಾದಿಂದ ಹೊರಟದ್ದು ನಮ್ಮ ತುದಿಯಿಂದ ಆರೇಳು ಮೀಟರ್ ದೂರದಲ್ಲಿ. ಬೇಸಾಯ ಒಂದು ಮೀಟರಿನ ಆಸುಪಾಸಿನಲ್ಲಿ, ಪಂಪ ಹನ್ನೊಂದು ಸೆಂಟಿಮೀಟರಿನಲ್ಲಿ. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರೂ ಅರಬ್ಬರೂ ಹಡಗುಗಳಲ್ಲಿ ತಂದ ಕಾಲಕ್ಕೆ ಐದಾರು ಸೆಂಟಿಮೀಟರ್ ಸಾಕಾಯಿತು.

ಆ ಜಾಗದಲ್ಲಿ ಕಡ್ಡಿ ನೆಟ್ಟವಳು ಸಿದ್ದಿ ಹುಡುಗಿಯೇ. ಅವಳು ಆರೇಳು ಮೀಟರಿನ ಗುರುತಿಗೆ ನಡೆದು ಹೋಗಿ, ಮತ್ತೆ ತನ್ನ ಕಡ್ಡಿಯ ಬಳಿಗೆ ಬಂದು, ‘ಸರ್, ಹಾಗಾದರೆ ಇವರೆಲ್ಲ ಮೊದಲೇ ಮನೆ ಬಿಟ್ಟವರು, ನಾವು ಈಚೆಗೆ ಬಿಟ್ಟವರು, ಅಷ್ಟೇ ಅಲ್ಲವಾ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಹೌದು ಎಂದೆ, ನಿಮ್ಮವರು ಬಿಟ್ಟು ಬರಲಿಲ್ಲ, ಅವರನ್ನು ಎಳೆದು ತಂದರು ಎಂಬುದನ್ನೂ ಹೇಳಿದೆ. ಜೈನ ಹುಡುಗ ತನ್ನ ಅಜ್ಜನ ಉತ್ತರಕ್ಕೆ ಹಗ್ಗದಲ್ಲಿ ಎಲ್ಲಿ ಕಡ್ಡಿ ನೆಡಬೇಕೆಂದು ತಿಳಿಯದೆ, ಅದನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.