ದಾರ ಮುಗಿಯದ ಕಸೂತಿ

ಹಗಲೆಲ್ಲ ಹುಬ್ಬಳ್ಳಿಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ರಾತ್ರಿ ಧಾರವಾಡದ ಮನೆಗೆ ಬಂದು ಮತ್ತೆ ಕೋಡೇ ಬರೆಯುತ್ತೇನೆ, ಯಾರೂ ಕೇಳದಂಥದ್ದು. ನನ್ನೊಬ್ಬನ ಹುಚ್ಚಲ್ಲ ಬಿಡಿ. ಓದಿದವರಿಗೆ ಅರ್ಥವೇ ಆಗದಂತೆ ಸಿ ಭಾಷೆಯಲ್ಲಿ ಕೋಡ್ ಬರೆಯುವ ಸ್ಪರ್ಧೆಯೇ 1984ರಲ್ಲಿ ಶುರುವಾಗಿದೆ.

ಈ ಸಲದ ಹುಚ್ಚು ಅವ್ವನ ಕಸೂತಿಯದು. ಇಳಕಲ್ ಸೀರೆಯ ಸೆರಗಿಗೆ ಗೋಪುರ ಹಾಕುತ್ತಿದ್ದಳು. ಸುಮ್ನೆ ತಿರುಗಿಸಿ ನೋಡಿದೆ. ಹಿಂದೆಯೂ ಅದೇ ಗೋಪುರ, ಒಂದೂ ಗಂಟಿಲ್ಲ. ಅದು ಗವಂತಿ ಅನ್ನೋ ಹೊಲಿಗೆ. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ನೇರ ಗೆರೆಯಾದರೆ ಸರಿ. ಗೋಪುರಕ್ಕೆ ಎಷ್ಟೊಂದು ಕವಲು! ಅಷ್ಟನ್ನೂ ಒಂದೇ ದಾರದಲ್ಲಿ ಮುಗಿಸಿ ಹೊರಟಲ್ಲಿಗೇ ಬರುವುದು ಹೇಗೆ?

ಕೋಡ್ ಬರೆದು ಪರದೆಯ ಮೇಲೆ ಗೆರೆ ಎಳೆಸುವ ಪೈಥಾನ್ ಭಾಷೆಯ ಟರ್ಟಲ್‌ನಲ್ಲಿ ಹೊಲಿಯಲು ಕೂತೆ. ಮೇಲಿನ ಹೊಲಿಗೆಗೆ ಕೆಂಪು, ಕೆಳಗಿನದಕ್ಕೆ ಬೂದು ಬಣ್ಣ. ಕವಲು ಬಂದಲ್ಲಿ ಬಾಕಿಯಿರುವ ಯಾವುದೋ ಗೆರೆ ಹಿಡಿ ಅಂತ ಬರೆದೆ. ದಾರ ಬೇಗನೇ ಹೊರಟಲ್ಲಿಗೆ ಬಂದು ನಿಂತುಬಿಟ್ಟಿತು. ಕಳಸ ಹಾಗೇ ಬಾಕಿ. ಬಾಕಿ ಗೆರೆಗೆ ಜಿಗಿ ಅಂದರೆ ಹಿಂಬದಿಯೆಲ್ಲ ಜೇಡರ ಬಲೆ. ಮೂರು ರಾತ್ರಿ ಹೀಗೇ ಹೋಯಿತು.

ಕೊನೆಗೆ ಅವ್ವನಿಗೇ ತೋರಿಸಿದೆ. ನಕ್ಕಳು. “ಕವಲು ಬಂದ್ರ ಮೊದಲ ಅದನ್ನ ಮುಗಿಸಬೇಕಪಾ. ಹೋದ ದಾರೀಲೇ ಹೊಳ್ಳಿ ಬರಬೇಕು. ಆಮ್ಯಾಲೆ ಮುಂದ.”

ಅಯ್ಯೋ, ಇದು ಡೆಪ್ತ್ ಫಸ್ಟ್ ಸರ್ಚ್ ಅಲ್ವಾ! ಒಂದು ದಾರಿ ಹಿಡಿದು ತುದಿ ಮುಟ್ಟಿ, ವಾಪಸ್ ಬಂದು ಮುಂದಿನ ದಾರಿ ಹಿಡಿಯುವ ಕಂಪ್ಯೂಟರ್ ವಿಧಾನ. ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಕವಲಿನಲ್ಲಿ ಮೂರು ಹೊಲಿಗೆ ಇರಲಿ, ಮೂವತ್ತಿರಲಿ, ಹೋಗಿ ಬಂದರೆ ಒಟ್ಟು ಸಮಸಂಖ್ಯೆಯೇ. ಹಾಗಾಗಿ ಹೋಗುವಾಗ ಮೇಲೆ ಬಿದ್ದ ಹೊಲಿಗೆ ಬರುವಾಗ ತಾನಾಗಿ ಕೆಳಗೆ ಬೀಳುತ್ತದೆ. ಗೆರೆ ಮೊದಲೇ ಮುಟ್ಟಿದ ಜಾಗಕ್ಕೆ ಹೋಗಿ ಸೇರಿದರೆ ಅಲ್ಲಿಂದಲೇ ಹೊಳ್ಳಿದರಾಯಿತು. ನಲವತ್ತು ಸಾಲಿನ ಕೋಡ್. ಗೋಪುರ ಪೂರ್ತಿಯಾದಾಗ ರಾತ್ರಿ ಒಂದೂವರೆ. ಮತ್ತೆ ಮತ್ತೆ ಓಡಿಸಿ ನೋಡಿದೆ. ಬಿಲ್ಲಿಂಗ್ ಕೆಲಸ ಮುಗಿದಾಗ ಹಾಗೆ ಯಾವತ್ತೂ ನೋಡಿಲ್ಲ.

ಇದನ್ನು ಆ್ಯಪ್ ಮಾಡಿ ಮಾರು ಅಂದ ಗೆಳೆಯ. ಆಗ ಲಾಗಿನ್ ಬೇಕು, ಜಿಎಸ್‌ಟಿ ಬೇಕು, ರಾತ್ರಿಯೂ ಹಗಲಾಗುತ್ತದೆ. ಬೇಡ ಮಾರಾಯ ಅಂದೆ. ಹಾಗೆ ನೋಡಿದರೆ ಕಸೂತಿ ಬಲ್ಲವರಿಗೆ ಇದು ಬೇಕಾಗೇ ಇಲ್ಲ.

ಅವ್ವ ಮಾತ್ರ ಕನ್ನಡಕ ಏರಿಸಿ ಪೂರ್ತಿ ನೋಡಿದಳು. ಆಮೇಲೆ ಕೇಳಿದಳು, “ನಡುವ ದಾರ ಮುಗಿದ್ರ ಏನ್ ಮಾಡ್ತದ ಇದು?”

ನನ್ನ ಕೋಡಿನಲ್ಲಿ ದಾರ ಮುಗಿಯುವುದೇ ಇಲ್ಲ. ಈ ವಾರ ಅದನ್ನೇ ಸೇರಿಸುತ್ತಿದ್ದೇನೆ.