ತಲೆಗೆ ಪೆಟ್ಟಾದರೆ ಅವತ್ತೇ ಬರೆಸಿ

ಕಲಬುರಗಿಯ ದಾಲ್ ಮಿಲ್‌ನಲ್ಲೋ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಯಲ್ಲೋ ದುಡಿದು, ಈಗ ದುಬೈ, ಶಾರ್ಜಾ ಕಡೆ ಹೊರಟಿರುವ ನಮ್ಮ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶಾರ್ಜಾದಲ್ಲಿ ನನ್ನ ರೂಮಿನಲ್ಲಿ ಚಿತ್ತಾಪುರದ ಹುಡುಗನೊಬ್ಬ ಇದ್ದ. ಫ್ಯಾಕ್ಟರಿಯಲ್ಲಿ ಆರಡಿ ಏಣಿಯಿಂದ ಜಾರಿದ. ಹೆಲ್ಮೆಟ್ ಇತ್ತು, ಗದ್ದದ ಪಟ್ಟಿ ಹಾಕಿರಲಿಲ್ಲ. ಹೆಲ್ಮೆಟ್ ಹಾರಿಹೋಗಿ ತಲೆ ನೆಲಕ್ಕೆ ಬಡಿಯಿತು. ಎದ್ದು ಚಹಾ ಕುಡಿದ. "ಏನಾಗಿಲ್ಲ ಬಿಡ್ರಿ ಅಣ್ಣ" ಅಂದ. ಸಂಬಳ ಕಟ್ ಆಗುತ್ತೆ ಅಂತ ಸೂಪರ್‌ವೈಸರ್‌ಗೂ ಹೇಳಲಿಲ್ಲ. ರಾತ್ರಿ ರೊಟ್ಟಿ ಮುರಿದವನು ಬಾಯಿಗಿಡದೆ ಹಾಗೇ ಕೂತ. ಆಮೇಲೆ ವಾಂತಿ, ತೊದಲು ಮಾತು. ತಲೆಯೊಳಗೆ ರಕ್ತ ಸೋರುತ್ತಿತ್ತು. ಆಪರೇಷನ್ ಆಗಿ ಬದುಕಿದ. ಆದರೆ ಕಂಪನಿಯವರು "ರೂಮಲ್ಲಿ ಬಿದ್ದಿರಬೇಕು" ಅಂದುಬಿಟ್ಟರು. ಅಲ್ಲ ಅನ್ನೋಕೆ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅಲ್ಲಿನ ಕಾನೂನು ಕೆಲಸಗಾರನ ಪರವಾಗಿಯೇ ಇದೆ. 2021ರ 33ನೇ ನಂಬರಿನ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಮಾಲೀಕನದು. ಚಿಕಿತ್ಸೆ ನಡೆಯುವಾಗ ಮೊದಲ 6 ತಿಂಗಳು ಪೂರ್ತಿ ಸಂಬಳ, ಗುಣವಾಗದಿದ್ದರೆ ಇನ್ನೂ 6 ತಿಂಗಳು ಅರ್ಧ ಸಂಬಳ. ಜೀವ ಹೋದರೆ ಮನೆಯವರಿಗೆ 24 ತಿಂಗಳ ಬೇಸಿಕ್ ಸಂಬಳ (ಭತ್ಯೆ ಬಿಟ್ಟ ಮೂಲ ಸಂಬಳ). ಅದು 18,000 ದಿರ್ಹಮ್‌ಗಿಂತ ಕಡಿಮೆ ಇರುವಂತಿಲ್ಲ, 2,00,000 ದಾಟುವುದಿಲ್ಲ. ಆದರೆ ಎದುರಿಗೆ ಬರೆದು ಹಾಕಿದ ಸುರಕ್ಷತಾ ನಿಯಮವನ್ನು ಬೇಕಂತಲೇ ಮುರಿದಿದ್ದು, ಅಥವಾ ಕುಡಿದಿದ್ದು ಸಾಬೀತಾದರೆ ಪರಿಹಾರ ಕೈತಪ್ಪುತ್ತದೆ. ಪಟ್ಟಿ ಹಾಕ್ಕೊಳ್ಳಿ ಅಂತ ನಾನು ಸುಮ್ನೆ ಹೇಳ್ತಿಲ್ಲ.

ಹಾಗಾಗಿ ಬಿದ್ದ ದಿನವೇ ಸೇಫ್ಟಿ ಆಫೀಸರ್‌ಗೆ ಹೇಳಿ, ವಾಟ್ಸಾಪ್‌ನಲ್ಲೂ ಒಂದು ಸಾಲು ಹಾಕಿ. ಆಸ್ಪತ್ರೆಯಲ್ಲಿ "ಕೆಲಸದಲ್ಲಿ ಬಿದ್ದೆ" ಅಂತಲೇ ಬರೆಸಿ. ತಲೆನೋವು ಜಾಸ್ತಿಯಾಗುವುದು, ವಾಂತಿ, ವಿಪರೀತ ನಿದ್ದೆ, ಕಿವಿ ಮೂಗಿನಿಂದ ನೀರು ಬರುವುದು, ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಅನ್ನಬೇಡಿ, 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತೆ. ಮೇಲಿಂದ ಬಿದ್ದು ಎಚ್ಚರ ತಪ್ಪಿದವನನ್ನು ಎತ್ತಿ ಕೂರಿಸಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬೇಡಿ, ಹೊಸದು ಕೇಳಿ.

ಕಂಪನಿ ಕೇಳದಿದ್ದರೆ ಅಲ್ಲಿನ ಕಾರ್ಮಿಕ ಸಚಿವಾಲಯದ ನಂಬರ್ 600590000. ನಮ್ಮ ದೇಶದವರ ಸಹಾಯ ಕೇಂದ್ರಕ್ಕೆ 80046342, ಇದಕ್ಕೆ ದುಡ್ಡು ಬೀಳಲ್ಲ.

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ಪಾಸ್‌ಪೋರ್ಟ್) ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಅನ್ನೋ ವಿಮೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ₹10 ಲಕ್ಷ. ಆ ಪಾಲಿಸಿಯ ಫೋಟೋ ತೆಗೆದು ಮನೆಗೆ ಕಳಿಸಿಯೇ ವಿಮಾನ ಹತ್ತಿ. ಚಿತ್ತಾಪುರದ ಆ ಹುಡುಗನ ಅವ್ವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.