ಐದು ವಾಟ್‌ನಲ್ಲಿ ಮಾತಾಡುವಾಗ ನಾನು ಪಾಲಿಸುವ ಪದ್ಧತಿ

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊದಲ್ಲಿ, ಕ್ಯುಆರ್‌ಪಿ ಅಂದರೆ ಕಡಿಮೆ ಪವರ್: ಮೋರ್ಸ್‌ನಲ್ಲಿ (ಚುಕ್ಕೆ-ಗೆರೆ ಸಂಕೇತ) 5 ವಾಟ್, ಎಸ್‌ಎಸ್‌ಬಿ ಅನ್ನುವ ಧ್ವನಿ ವಿಧಾನದಲ್ಲಿ ಪೀಕ್ 10 ವಾಟ್, ಅದಕ್ಕಿಂತ ಜಾಸ್ತಿ ಇಲ್ಲ. ಕಲಬುರಗಿಯಲ್ಲಿ ಕೂತು ನಾನು ಹೆಚ್ಚಾಗಿ ಇದರಲ್ಲೇ ಮಾತಾಡುತ್ತೇನೆ. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರು, ಇಷ್ಟು ಪವರ್‌ನಲ್ಲಿ ಯಾರಿಗೆ ಕೇಳುತ್ತೆ ಅಂತ ಅನುಮಾನ ಪಡುತ್ತಾರೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಸೆಟ್‌ನ 100 ವಾಟ್‌ನಿಂದ 5ಕ್ಕೆ ಇಳಿದರೆ ಹೋಗುವುದು 13 ಡೆಸಿಬೆಲ್. ರಿಸೀವರ್ ಮೀಟರ್ ಸಿಗ್ನಲ್ ಬಲ ತೋರಿಸುವ ಒಂದು ಎಸ್ ಯೂನಿಟ್‌ಗೆ 6 ಡೆಸಿಬೆಲ್. ಅಂದರೆ ಎದುರಿನವರ ಮೀಟರ್ ಎರಡು ಯೂನಿಟ್ ಚಿಲ್ಲರೆ ಕೆಳಗೆ ತೋರಿಸುತ್ತದೆ, ಅಷ್ಟೇ. ಬ್ಯಾಂಡ್ (ನಾವು ಮಾತಾಡುವ ಫ್ರೀಕ್ವೆನ್ಸಿಗಳ ಪಟ್ಟಿ) ಶಾಂತವಾಗಿದ್ದರೆ ಅದು ದೊಡ್ಡ ವಿಷಯವೇ ಅಲ್ಲ. ಗದ್ದಲ ಇದ್ದಾಗ ಮಾತ್ರ ಅವರು ಕಿವಿಗೊಟ್ಟು ನಮ್ಮನ್ನು ಹುಡುಕಬೇಕಾಗುತ್ತದೆ. ಪವರ್ ಉಳಿಸುವವರು ನಾವು, ಕಷ್ಟಪಡುವವರು ಅವರು! ಆ ಕಷ್ಟ ಎಷ್ಟು ಕಡಿಮೆ ಮಾಡುತ್ತೇವೆ ಅನ್ನುವುದರ ಮೇಲೇ ಒಳ್ಳೆಯ ಆಪರೇಟರ್ ಯಾರು ಅಂತ ಗೊತ್ತಾಗುತ್ತದೆ.

ಮೊದಲು ಆಂಟೆನಾ. 40 ಮೀಟರ್ ಬ್ಯಾಂಡ್‌ಗೆ, ಅಂದರೆ 7 ಮೆಗಾಹರ್ಟ್ಸ್‌ಗೆ, ನಾನು ಕಟ್ಟಿರುವುದು ಸಾದಾ ಡೈಪೋಲ್, ನಡುವೆ ಕೇಬಲ್ ಸೇರಿಸಿದ ತಂತಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರ್‌ನಲ್ಲಿ ಬರುತ್ತದೆ, 7.1ಕ್ಕೆ ಸುಮಾರು 20 ಮೀಟರ್. ತಂತಿ ಸ್ವಲ್ಪ ಉದ್ದವೇ ಇರಲಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ನೋಡುತ್ತಾ ತುದಿ ಮಡಚುತ್ತಾ ಬನ್ನಿ. ಏಳೆಂಟು ಮೀಟರ್ ಎತ್ತರದಲ್ಲಿದ್ದರೆ ಸಿಗ್ನಲ್ ಬಹಳಷ್ಟು ನೇರ ಮೇಲೆ ಹೋಗಿ, ವಾತಾವರಣದ ಮೇಲ್ಪದರದಿಂದ ತಿರುಗಿ ಬಂದು ಸುತ್ತಲಿನ ನಾಲ್ಕೈದು ನೂರು ಕಿಲೋಮೀಟರ್‌ನೊಳಗೆ ಇಳಿಯುತ್ತದೆ. ಹಗಲು ಹೊತ್ತಲ್ಲಿ ಹೈದರಾಬಾದ್, ಸೊಲ್ಲಾಪುರ, ಪುಣೆ ಕಡೆಯವರ ಜೊತೆ ಮಾತಾಡಲು ನನಗೆ ಇದೇ ಸಾಕು. ದೂರದ ದೇಶ ಬೇಕಿದ್ದರೆ 20 ಮೀಟರ್ ಬ್ಯಾಂಡ್‌ಗೆ (14 ಮೆಗಾಹರ್ಟ್ಸ್) ಹೋಗುತ್ತೇನೆ. ಧ್ವನಿಗೆ ಬಳಸುವುದು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್. ಕಡಿಮೆ ದುಡ್ಡಲ್ಲಿ ಕೈಯಾರೆ ಜೋಡಿಸಬಹುದಾದ ಆ ಸೆಟ್ ನಮ್ಮ ದೇಶದಲ್ಲಿ ಎಷ್ಟೋ ಜನರನ್ನು ಈ ಹವ್ಯಾಸಕ್ಕೆ ಎಳೆದು ತಂದಿದೆ.

ಊರೊಳಗೆ ದೊಡ್ಡ ತೊಂದರೆ ಗದ್ದಲ. ಎಲ್‌ಇಡಿ ಬಲ್ಬ್, ಅಗ್ಗದ ಚಾರ್ಜರ್, ಪಕ್ಕದ ಮನೆಯ ಸೋಲಾರ್ ಇನ್ವರ್ಟರ್, ಎಲ್ಲ ಸೇರಿ ರಿಸೀವರ್ ಗುಂಯ್ ಅನ್ನುತ್ತದೆ. ಸೆಟ್ ಬ್ಯಾಟರಿ ಮೇಲೆ ಇಟ್ಟು, ಮನೆಯ ಮೇನ್ ಸ್ವಿಚ್ ಆರಿಸಿ ಕೇಳಿ. ಗದ್ದಲ ನಿಂತರೆ ಕಳ್ಳ ಮನೆಯಲ್ಲೇ ಇದ್ದಾನೆ. ನಿಲ್ಲದಿದ್ದರೆ 12 ವೋಲ್ಟ್ ಬ್ಯಾಟರಿ ಹಿಡಿದು ಊರಾಚೆ ಹೋಗಿ. ನಾನು ಚಿತ್ತಾಪುರ ಕಡೆಯ ತೊಗರಿ ಹೊಲದ ಬದುವಿಗೆ ಹೋಗಿ ಬೇವಿನ ಮರಕ್ಕೆ ತಂತಿ ಎಸೆಯುತ್ತೇನೆ, ಅಲ್ಲಿ ಕೇಳುವ ಸಣ್ಣ ಸಿಗ್ನಲ್‌ಗಳು ಮನೆಯಲ್ಲಿ ಕೇಳುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೆಳಗ್ಗೆ ಬೇಗ ಹೋಗಬೇಕು. ಬಿಸಿಲು ಒಂದು ಕಡೆಯಾದರೆ, ಮಧ್ಯಾಹ್ನದ ಮೇಲೆ ಎಲ್ಲೋ ಮಿಂಚುವ ಮಿಂಚು 40 ಮೀಟರ್‌ನಲ್ಲಿ ಪಟಪಟ ಅಂತ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮೋಡ ಹತ್ತಿರ ಬಂತೆಂದರೆ ಆಂಟೆನಾ ಬಿಚ್ಚಿಡಿ, ಇದರಲ್ಲಿ ರಾಜಿ ಬೇಡ.

ಇನ್ನು ಮಾತಾಡುವ ರೀತಿ. ಸಿಕ್ಯು, ಅಂದರೆ ಕೇಳಿದವರು ಯಾರಾದರೂ ಉತ್ತರ ಕೊಡಿ ಅನ್ನುವ ಕರೆ, ನಾನು ಕೂಗುವುದು ಕಡಿಮೆ. ಬ್ಯಾಂಡ್ ಪೂರ್ತಿ ಒಮ್ಮೆ ತಿರುಗಿಸಿ, ಜೋರಾಗಿ ಕೇಳುವ ಸ್ಟೇಷನ್ ಸಿಕ್ಯು ಕೂಗುತ್ತಿದ್ದರೆ ಅದಕ್ಕೆ ಉತ್ತರ ಕೊಡುತ್ತೇನೆ. ಅವರು ನನಗೆ ಜೋರಾಗಿ ಕೇಳಿದರೆ ದಾರಿ ಚೆನ್ನಾಗಿದೆ ಅಂತ ಅರ್ಥ, ನಾನೂ ಅವರಿಗೆ ಕೇಳುವ ಸಾಧ್ಯತೆ ಜಾಸ್ತಿ. ಮೋರ್ಸ್‌ನಲ್ಲಾದರೆ ಅವರ ವೇಗಕ್ಕೇ ಹೊಂದಿಕೊಳ್ಳಬೇಕು. ಕಾಲ್‌ಸೈನ್ (ಲೈಸೆನ್ಸ್‌ನಲ್ಲಿ ಕೊಟ್ಟಿರುವ ನಮ್ಮ ಗುರುತು) ಸ್ಪಷ್ಟವಾಗಿ ಎರಡು ಸಲ ಸಾಕು. ಅದರ ಕೊನೆಗೆ ಓರೆಗೆರೆ ಹಾಕಿ ಕ್ಯುಆರ್‌ಪಿ ಅಂತ ಬಾಲ ಸೇರಿಸಬೇಡಿ, ಮೊದಲೇ ಕಷ್ಟಪಟ್ಟು ಕೇಳುತ್ತಿರುವವರಿಗೆ ಇನ್ನೂ ನಾಲ್ಕು ಅಕ್ಷರ ಹೊರಿಸಿದಂತೆ. ಪವರ್ ಎಷ್ಟು ಅಂತ ಸಂಪರ್ಕ ಆದ ಮೇಲೆ ಹೇಳಿದರಾಯಿತು.

ಸಿಕ್ಯು ಕೂಗಲೇಬೇಕಾದರೆ 7.030 ಅಥವಾ 14.060 ಮೆಗಾಹರ್ಟ್ಸ್ ಸುತ್ತ ಕೂಗುತ್ತೇನೆ, ಅಲ್ಲಿ ಸಣ್ಣ ಸಿಗ್ನಲ್ ಹುಡುಕುವವರೇ ಕೂತಿರುತ್ತಾರೆ. ಅದಕ್ಕೂ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕಿವಿಗೊಟ್ಟು, ಕ್ಯುಆರ್‌ಎಲ್, ಅಂದರೆ ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿ, ಮತ್ತೆ ಕಾದು, ಇನ್ನೊಮ್ಮೆ ಕೇಳುತ್ತೇನೆ. ಸಂಭಾಷಣೆಯ ಒಂದು ಕಡೆ ಮಾತ್ರ ನಮಗೆ ಕೇಳಿಸದೇ ಇರಬಹುದು, ಅಲ್ವಾ? ಟ್ಯೂನ್ ಮಾಡುವುದು ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್), ಇನ್ನೊಬ್ಬರ ಮೇಲೆ ಅಲ್ಲ. 5 ವಾಟ್ ತಾನೇ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಪಕ್ಕದೂರಿನವರಿಗೆ 5 ವಾಟ್ ಕೂಡ ಜೋರೇ.

ಒಬ್ಬರನ್ನೇ ಎಲ್ಲರೂ ಮುಗಿಬಿದ್ದು ಕರೆಯುವಾಗ ತಾಳ್ಮೆ ಬೇಕು. ದೊಡ್ಡ ಸ್ಟೇಷನ್‌ಗಳು ಕೂಗಿ ಮುಗಿಸುವ ಆ ಕ್ಷಣ ಕಾದು, ನೂರಿನ್ನೂರು ಹರ್ಟ್ಸ್ ಪಕ್ಕಕ್ಕೆ ಸರಿದು, ಒಂದೇ ಸಲ ಕರೆಯಿರಿ. ಅವರು ಬೇರೆ ಯಾರದೋ ಅರ್ಧ ಕಾಲ್‌ಸೈನ್ ಹಿಡಿದು ಕೇಳುತ್ತಿದ್ದರೆ ಬಾಯಿ ಮುಚ್ಚಿರಿ. ಸಿಗ್ನಲ್ ಹೇಗೆ ಕೇಳುತ್ತಿದೆ ಅನ್ನುವ ರಿಪೋರ್ಟ್ ಕೂಡ ನಿಜವೇ ಕೊಡಿ. ಎಲ್ಲರಿಗೂ 599, ಅಂದರೆ ಅತ್ಯುತ್ತಮ, ಅಂತ ಕೊಟ್ಟು ಮತ್ತೆ ಹೆಸರು ಮೂರು ಸಲ ಕೇಳುವುದು ಸರಿ ಅಲ್ಲ. ಎದುರಿನವರು ಎರಡು ಮೂರು ಸಲ ಕೇಳಿಯೂ ಹಿಡಿಯಲಾಗದಿದ್ದರೆ ನಾನು 73 (ಶುಭಾಶಯ) ಹೇಳಿ ಬಿಟ್ಟುಬಿಡುತ್ತೇನೆ.

ಆಮೇಲೆ ಲಾಗ್‌ನಲ್ಲಿ ಬರೆಯುತ್ತೇನೆ: ಯುಟಿಸಿ ಸಮಯ, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು, ಜೊತೆಗೆ ಬ್ಯಾಂಡ್, ಪವರ್, ಎರಡೂ ಕಡೆಯ ರಿಪೋರ್ಟ್. ಆಗದೆ ಹೋದ ಪ್ರಯತ್ನವನ್ನೂ ಬರೆಯುತ್ತೇನೆ. ಕೆಲವು ತಿಂಗಳ ಪುಟ ತಿರುಗಿಸಿದರೆ ಯಾವ ಹೊತ್ತಿಗೆ ಯಾವ ದಿಕ್ಕು ತೆರೆಯುತ್ತದೆ ಅಂತ ಕಾಣುತ್ತದೆ, ಆ ಹೊತ್ತಿಗೇ ಅವರನ್ನು ಮತ್ತೆ ಕರೆಯುತ್ತೇನೆ.